ಮೇಲಿನಂತೆ

ಅವಳ ಚಿಂತೆ ತೀರಾ ಸಣ್ಣದು. ಒಂದೇ ಒಂದು ಪದದಷ್ಟು. ಆದರೆ ಚಪ್ಪಲಿಗೂ ಪಾದಕ್ಕೂ ನಡುವೆ ಸಿಕ್ಕಿಕೊಂಡ ಮರಳಿನ ಹರಳಿನಂತೆ, ನಿಂತಾಗ ಮರೆತುಹೋಗಿ ನಡೆದಾಗಲೆಲ್ಲ ನೆನಪಾಗುತ್ತಿತ್ತು. ದಿನಚರಿಯಿಂದ ತನ್ನದೇನನ್ನೂ ಮುಚ್ಚಿಡದವಳು ಇದೊಂದನ್ನು ಅದಕ್ಕೂ ಹೇಳದೆ ನಾಲ್ಕು ತಿಂಗಳು ತಳ್ಳಿದಳು. ಕೊನೆಗೊಂದು ಮಂಗಳವಾರ ಬೆಳಿಗ್ಗೆ, ಎಡಗೈಯನ್ನು ಹಾಳೆಗೆ ಮರೆಯಾಗಿಟ್ಟುಕೊಂಡು ಬರೆದಳು: 'ಏಳನೇ ಕೋಣೆಯ ಫೈಲಿನಲ್ಲಿರುವ ಆ ಪದ ನನ್ನದು. ಅದು ನಿಜವಲ್ಲ.'

ಬರೆದದ್ದೇ ತಡ, ಹಿಂದೆ ಯಾರೋ ನಿಂತಂತಾಯಿತು. ನಿಂತೂ ಇದ್ದಳು, ಅಮ್ಮ, ಟೀ ಲೋಟ ಹಿಡಿದು. ಅವಳು ಪುಸ್ತಕ ಮುಚ್ಚಿದಳು.

"ಬಾಯಲ್ಲಿ ನಾಲ್ಕು ಮಾತಿಲ್ಲ, ಪುಸ್ತಕ ಮಾತ್ರ ಮೂರು ತಿಂಗಳಿಗೊಂದು ತುಂಬುತ್ತೆ," ಎಂದಳು ಅಮ್ಮ. "ಆ ಮಾತೆಲ್ಲ ನನ್ನ ಹತ್ರ ಆಡಬಾರದಾ? ನಾನೇನು ಡಂಗುರ ಹೊಡೀತೀನಾ?"

"ಹೊಡೀತೀಯ."

"ಹೊಡೀತೀನಿ ಅಂತಲೇ ಇಟ್ಕೊ. ಒಳ್ಳೇದನ್ನೇ ತಾನೇ ಹೊಡೆಯೋದು."

ಅವಳು ನಕ್ಕು ಸುಮ್ಮನಾದಳು. ಸುಮ್ಮನಾಗುವುದು ಅವಳಿಗೆ ಕೈಬಂದ ವಿದ್ಯೆ.

ನರ್ಸಿಂಗ್ ಓದು ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಲಸ ಸಿಕ್ಕಿದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ. ಮೇಲಿನ ಮಹಡಿಯಲ್ಲಿ ಹದಿನಾಲ್ಕು ಕೋಣೆಗಳು, ಕೋಣೆಗೊಬ್ಬರು, ಕೋಣೆಗೊಂದು ಕಿಟಕಿ. ಕೆಳಗೆ, ಅಂಕಿ ಒತ್ತಿದರೆ ಮಾತ್ರ ತೆರೆಯುವ ಬಾಗಿಲಿನ ಹಿಂದೆ, ಮರೆವು ಮುಸುಕಿದವರ ಉದ್ದನೆಯ ವಾರ್ಡು. ಅಲ್ಲಿ ಎಂಟು ಮಂಚಗಳು, ದಿನವಿಡೀ ಉರಿಯುವ ಟ್ಯೂಬ್‌ಲೈಟು. ಯಾರನ್ನೂ ಒಂದು ಗಳಿಗೆ ಒಂಟಿಯಾಗಿ ಬಿಡುವಂತಿಲ್ಲ. ಕೆಟ್ಟ ವಾರ್ಡಲ್ಲ. ಬೇಕಾದವರಿಗೆ ಅದು ಬೇಕೇ ಬೇಕು. ಆದರೆ ಅಲ್ಲಿಗೆ ಇಳಿದವರು ಮತ್ತೆ ಮೆಟ್ಟಿಲು ಹತ್ತಿ ಬಂದದ್ದನ್ನು ಅವಳು ಕಂಡಿರಲಿಲ್ಲ.

ಮೇಲಿನ ಮಹಡಿಯ ಮಧ್ಯಾಹ್ನಗಳೇ ಬೇರೆ. ಕಾರಿಡಾರಿನ ತುದಿಯ ಗಾಜಿನಿಂದ ಬಿಸಿಲು ಸೋಸಿಕೊಂಡು ಬಂದು ನೆಲದ ಮೇಲೆ ಹಾಲಿನಂತೆ ಚೆಲ್ಲಿರುತ್ತಿತ್ತು. ಪರದೆಗಳು ಉಸಿರಾಡುತ್ತಿದ್ದವು. ಯಾವುದೋ ಕೋಣೆಯ ಕೆಮ್ಮು, ಇನ್ಯಾವುದೋ ಕೋಣೆಯ ರೇಡಿಯೋ, ತೊಳೆದ ಬೆಡ್‌ಶೀಟಿನ ವಾಸನೆ, ಎಲ್ಲ ಒಂದರೊಳಗೊಂದು ಕರಗಿ, ಯಾರ ನಿದ್ದೆಯೊಳಗೆ ಯಾರು ನಡೆಯುತ್ತಿದ್ದಾರೋ ತಿಳಿಯದ ಹಾಗಾಗುತ್ತಿತ್ತು. ಅವಳಿಗೆ ಅದು ಹಿಡಿಸಿತ್ತು. ಅಲ್ಲಿ ಜೋರಾಗಿ ಮಾತಾಡುವ ಅಗತ್ಯವಿರಲಿಲ್ಲ. ಅವಳ ದನಿ ಎಷ್ಟು ಸಣ್ಣದೆಂದರೆ ಮೊದಲ ವಾರವೇ ದೊಡ್ಡ ಸಿಸ್ಟರು 'ಪಿಸುಮಾತು' ಎಂದು ಹೆಸರಿಟ್ಟಿದ್ದರು.

ದೊಡ್ಡ ಸಿಸ್ಟರೆಂದರೆ ಆ ಮಹಡಿಯ ಯಜಮಾನಿ. ಮೂವತ್ತು ವರ್ಷದ ಸರ್ವೀಸು. ಹೆಜ್ಜೆ ಭಾರ, ಕೈ ಹಗುರ. ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ, ಬೈದದ್ದು ಮಾತ್ರ ಮೂರು ದಿನ ನೆನಪಿರುತ್ತಿತ್ತು. ಎರಡು ಗಂಟೆಗೆ ಪಾಳಿ ಬದಲಾಗುವಾಗ ಕಾರಿಡಾರಿನ ಮೇಜಿನ ಸುತ್ತ ಎಲ್ಲರೂ ನಿಲ್ಲಬೇಕು. ಹೋಗುವವರು ಬರುವವರಿಗೆ ಒಂದೊಂದು ಫೈಲನ್ನೂ ಓದಿ ಒಪ್ಪಿಸಬೇಕು. ಅದು ದೊಡ್ಡ ಸಿಸ್ಟರ ಶಿಸ್ತು.

"ಒಂದನೇ ರೂಮು, ಬಿಪಿ ಸರಿ. ಎರಡು, ಮೇಲಿನಂತೆ. ಮೂರು, ಸ್ನಾನ ಆಯ್ತು, ಸಿಟ್ಟು ಇಳಿದಿಲ್ಲ. ನಾಲ್ಕು, ಐದು, ಆರು, ಮೇಲಿನಂತೆ."

ನಿನ್ನೆ ಬರೆದದ್ದೇ ಇಂದೂ ಇದೆ ಎನ್ನಲು ಆ ಮನೆಯ ನರ್ಸುಗಳು ಬಳಸುತ್ತಿದ್ದ ಪದ ಅದು. ಹದಿನಾಲ್ಕು ಫೈಲು, ಮೂರು ಪಾಳಿ, ಒಂದೇ ಪೆನ್ನು, ಕೈ ನೋಯುತ್ತದೆ. ಮೇಲಿನ ಸಾಲಿನ ಕೆಳಗೆ 'ಮೇಲಿನಂತೆ' ಎಂದು ಗೀಚಿ ಸಹಿ ಹಾಕಿದರೆ ಅರ್ಧ ನಿಮಿಷದ ಕೆಲಸ.

"ಏಳು?"

"ಗೊಂದಲ. ಮೇಲಿನಂತೆ."

ಆ 'ಗೊಂದಲ' ಎಂಬ ಪದವೇ ಅವಳ ಚಪ್ಪಲಿಯ ಹರಳು.

ನಡೆದದ್ದು ಇಷ್ಟು. ಕೆಲಸಕ್ಕೆ ಸೇರಿದ ಎರಡನೇ ವಾರ ಏಳನೇ ಕೋಣೆಗೆ ಒಬ್ಬ ಅಜ್ಜಿ ಬಂದರು. ಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಕೂಡಿಸಿಕೊಂಡವರು; ಎದ್ದು ಕೂರಲು, ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕು. ಹೊಸಬರು ಬಂದ ದಿನ ನಾಲ್ಕು ಪ್ರಶ್ನೆ ಕೇಳಿ ಫಾರಮಿನಲ್ಲಿ ತುಂಬುವುದು ನಿಯಮ: ಇವತ್ತು ಯಾವ ವಾರ, ಇದು ಯಾವ ಜಾಗ, ನಿಮ್ಮ ಹೆಸರೇನು, ಇಲ್ಲಿಗೆ ಯಾಕೆ ಬಂದಿರಿ. ಸಂಜೆ ಐದರ ಹೊತ್ತಿಗೆ ಫಾರಮನ್ನು ಎದೆಗೊತ್ತಿಕೊಂಡು ಅವಳು ಬಾಗಿಲ ಬಳಿ ಹೋದಳು. ಒಳಗೆ ಇಬ್ಬರು ಮಾತಾಡುತ್ತಿದ್ದರು. ಒಂದು ದನಿ ದರ್ಪದ್ದು, ಇನ್ನೊಂದು ತಣ್ಣಗಿನದು. ಇಣುಕಿದರೆ ಇದ್ದದ್ದು ಅಜ್ಜಿ ಒಬ್ಬರೇ. ಕಣ್ಣು ಮುಚ್ಚಿದ್ದರು. ಎಡಗೈ ಕಿವಿಯ ಮೇಲಿತ್ತು. ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಮೇಲೆ ಸಂಜೆಯ ಬಿಸಿಲು ಕಾಲು ಮಡಿಸಿ ಕೂತಿತ್ತು.

ಬಾಗಿಲು ತಟ್ಟಲು ಕೈ ಎತ್ತಿದಳು. ನೀರೊಳಗೆ ಎತ್ತಿದ ಕೈಯಂತೆ ಅದು ನಿಧಾನವಾಗಿ ಮತ್ತೆ ಕೆಳಗಿಳಿಯಿತು. ಬೇರೆಯವರ ಮಾತಿನ ನಡುವೆ ಹೋಗಿ, ಅಮ್ಮಾ ಇವತ್ತು ಯಾವ ವಾರ ಎಂದು ಕೇಳುವುದು ಹೇಗೆ? ಮೇಜಿಗೆ ಮರಳಿ ನಾಲ್ಕೂ ಪ್ರಶ್ನೆಗಳ ಮುಂದೆ 'ಉತ್ತರವಿಲ್ಲ' ಎಂದು ಬರೆದಳು. ಕೆಳಗೆ, ಒಂದಿಷ್ಟು ಜಾಗ ಉಳಿದಿತ್ತು ಎನ್ನುವ ಕಾರಣಕ್ಕೆ, 'ಗೊಂದಲ. ತಮ್ಮಷ್ಟಕ್ಕೆ ಮಾತಾಡುತ್ತಾರೆ' ಎಂದು ಸೇರಿಸಿದಳು. ನಾಳೆ ಕೇಳಿ ತಿದ್ದಿದರಾಯಿತು ಅಂದುಕೊಂಡಳು. ಆ ನಾಳೆ ಅವಳಿಗೆ ಜ್ವರ ಬಂತು. ಮೂರು ದಿನ ಬಿಟ್ಟು ಬಂದು ನೋಡಿದರೆ ಅದರ ಕೆಳಗೆ ಒಂಬತ್ತು ಬೇರೆ ಬೇರೆ ಕೈಬರಹದಲ್ಲಿ 'ಮೇಲಿನಂತೆ' ಮೊಳೆತಿತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಕಟ್ಟಿ, ಹುಲ್ಲು ಹಾಕಿ, ಕರುವಿಗೆ ಹೆಸರನ್ನೂ ಇಟ್ಟಾಗಿತ್ತು. ಅಜ್ಜಿ ಟೀಗೆ ಸಕ್ಕರೆ ಬೇಡವೆಂದರೆ, "ಪಾಪ, ಗೊಂದಲ" ಎನ್ನುತ್ತಿದ್ದಳು ಆಯಾ. ಅಜ್ಜಿ ನಕ್ಕರೆ ಗೊಂದಲ, ನಗದಿದ್ದರೆ ಜಾಸ್ತಿ ಗೊಂದಲ.

ಬರೆಯದೆ ಬಿಟ್ಟದ್ದು ನಡೆದೇ ಇಲ್ಲ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಬರೆದುಬಿಟ್ಟರೆ ನಡೆಯದ್ದೂ ನಡೆದುಹೋಗುತ್ತದೆ ಎಂದು ಯಾರೂ ಕಲಿಸಿರಲಿಲ್ಲ.

ಅಜ್ಜಿಯ ಸಂಜೆಯ ಮಾತು ಏನೆಂದು ಅವಳಿಗೆ ತಿಳಿದದ್ದು ಎರಡು ತಿಂಗಳ ಮೇಲೆ. ಅವತ್ತು ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಕಿಟಕಿಯಾಚೆ ಬಟ್ಟೆ ಒಣಹಾಕಿದ ತಂತಿಯ ಮೇಲೆ ಬಿಳಿ ದಿಂಬಿನ ಚೀಲಗಳು ಸಾಲಾಗಿ ತೂಗುತ್ತಿದ್ದವು. ಐದು ಹೊಡೆಯಿತು. ಅಜ್ಜಿ ಕಣ್ಣು ಮುಚ್ಚಿ, ಎಡಗೈಯನ್ನು ಕಿವಿಗಿಟ್ಟರು. ಅವಳು ಎದ್ದು ಹೊರಡಲು ನೋಡಿದಳು.

"ಕೂತ್ಕೋ," ಎಂದರು ಅಜ್ಜಿ, ಕಣ್ಣು ತೆರೆಯದೆ. "ನೀನು ಮಾತಾಡೋಳಲ್ಲ. ಇದ್ರೂ ಅಡ್ಡಿಯಿಲ್ಲ."

ಆಮೇಲೆ ದರ್ಪದ ದನಿ ಅಜ್ಜಿಯ ಗಂಟಲಿನಿಂದಲೇ ಹೊರಟಿತು. "ಏನಮ್ಮ ಆಪರೇಟರ್, ನಿನ್ನೆ ಸಾಯಂಕಾಲ ಡಾಕ್ಟರ ಹೆಂಡತಿ ಯಾರಿಗೆ ಟ್ರಂಕ್ ಕಾಲ್ ಮಾಡಿದ್ಲು?"

"ಗೊತ್ತಿಲ್ಲ ಸರ್," ಎಂದಿತು ತಣ್ಣಗಿನ ದನಿ. "ಬೇರೆ ಲೈನಲ್ಲಿದ್ದೆ."

"ನಿನ್ನ ಬೋರ್ಡಿನ ಮೇಲೇ ಹೋಗಿದ್ದಲ್ವಾ?"

"ಹೋಗಿರಬಹುದು ಸರ್. ನಾನು ತಂತಿ ಸಿಗಿಸ್ತೀನಿ, ಕಿವಿ ಸಿಗಿಸೋದಿಲ್ಲ."

"ಅಯ್ಯೋ ಹೇಳಕ್ಕಾ," ಎಂದಿತು ಮೂರನೆಯ ದನಿ, ಎಳಸು, ಸಕ್ಕರೆ ಸವರಿದ್ದು. "ನನ್ನಾಣೆ ಯಾರಿಗೂ ಹೇಳಲ್ಲ. ಆ ಮೇಷ್ಟ್ರ ಮದುವೆ ಯಾಕೆ ಮುರೀತು?"

"ನನ್ನ ಹತ್ರ ಕೇಳಿದ್ರೆ ನನ್ನ ಮದುವೆ ಯಾಕೆ ಉಳೀತು ಅಂತಲೂ ಗೊತ್ತಿಲ್ಲಮ್ಮ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೂ ಕಣ್ಣು ತೆರೆದು ನಕ್ಕರು. ಕಾಲು ನೀಡಿ, ದಿಂಬಿಗೆ ಒರಗಿ, ಎಲ್ಲವನ್ನೂ ಹೇಳಿದರು.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು. ಆ ಕಾಲದಲ್ಲಿ ಯಾರು ಯಾರಿಗೆ ಮಾತಾಡಬೇಕಾದರೂ ಅವರ ಕೈಯ ತಂತಿಯೇ ಸೇತುವೆ. ಕೇಳಬಾರದು ಎಂದರೂ ಕೇಳಿಸುತ್ತಿತ್ತು. ಹುಟ್ಟು, ಸಾವು, ಜಗಳ, ಕದ್ದ ಪ್ರೀತಿ, ಹೆಂಡತಿಗೆ ಹೇಳದ ರೋಗ, ಎಲ್ಲ ಅವರ ಕಿವಿಯ ಮೂಲಕವೇ ಊರು ದಾಟುತ್ತಿತ್ತು. ಸೇರಿದ ದಿನ ಸಹಿ ಹಾಕಿಸಿಕೊಂಡಿದ್ದರು, ಕೇಳಿದ್ದನ್ನು ಆಡುವಂತಿಲ್ಲವೆಂದು.

"ಆಡಲಿಲ್ಲ. ಗಂಡನ ಹತ್ರವೂ ಆಡಲಿಲ್ಲ. ಅವರಿಗೆ ಸಿಟ್ಟು ಬರ್ತಿತ್ತು, ಎಂಥ ಹೆಂಗಸು ನೀನು, ಹೊಟ್ಟೆ ನೋಯಲ್ವಾ ಅಂತ." ಅಜ್ಜಿ ಹೊಟ್ಟೆಯ ಮೇಲೆ ಕೈ ಇಟ್ಟರು. "ಈಗ ಎಂಬತ್ತೊಂದು. ನನ್ನ ಅಕ್ಕಂಗೆ ಕೊನೆಕೊನೆಗೆ ಬುದ್ಧಿ ಸಡಿಲವಾಯ್ತು, ಬಾಯಿಗೆ ಬಂದದ್ದೆಲ್ಲ ಆಡ್ತಿದ್ಲು. ಬೀಗದ ಕೈ ಕಳಕೊಂಡ ಪೆಟ್ಟಿಗೆ ಆಗಿಬಿಟ್ಲು. ನಂಗೂ ಹಾಗಾದ್ರೆ? ಅದಕ್ಕೇ ದಿನಾ ಐದು ಗಂಟೆಗೆ ನನ್ನನ್ನ ನಾನೇ ಪರೀಕ್ಷೆ ಮಾಡ್ಕೋತೀನಿ. ಹೆದರಿಸಿ ಕೇಳ್ತೀನಿ, ಪುಸಲಾಯಿಸಿ ಕೇಳ್ತೀನಿ. ಬೀಗ ಗಟ್ಟಿ ಇದ್ಯಾ ಅಂತ ಎಳೆದು ನೋಡೋದು, ಅಷ್ಟೇ."

"ಆ ಕುರ್ಚಿ, ಅಮ್ಮ?"

"ಕುರ್ಚಿ ಕುರ್ಚಿಯೇ. ಕೇಳೋರು ಎಲ್ಲಾದ್ರೂ ಕೂರಬೇಕಲ್ಲ." ಅಜ್ಜಿ ಬಾಗಿಲ ಕಡೆ ನೋಡಿದರು. "ಇದನ್ನ ಯಾರಿಗೂ ಹೇಳಬೇಡ. ನನ್ನ ಮಗಳಿಗಂತೂ ಬೇಡ. ಅಮ್ಮ ಇಷ್ಟು ಕೇಳಿದ್ಲು ಅಂದ್ರೆ ಅವಳು ಕೂತು ಲೆಕ್ಕ ಹಾಕ್ತಾಳೆ. ಅವಳು ಆಗ ಕಾಲೇಜು. ಅವಳೂ ಒಂದು ಸಲ ಮನೆಯಿಂದ ಫೋನ್ ಎತ್ತಿದ್ಲು, ಬೋರ್ಡಿನ ಮೇಲೆ ಯಾರಿದ್ದಾರೆ ಅಂತ ಗೊತ್ತಿಲ್ಲದೆ."

"ಯಾರಿಗೆ..." ಎಂದುಬಿಟ್ಟಳು ಅವಳು.

ಅಜ್ಜಿಯ ಮುಖ ಅರಳಿತು. "ಗೊತ್ತಿಲ್ಲ. ಬೇರೆ ಲೈನಲ್ಲಿದ್ದೆ."

ಆ ರಾತ್ರಿ ಅವಳಿಗೊಂದು ಕನಸು. ಆಕಾಶದಷ್ಟು ಅಗಲದ ಕರಿಯ ಹಲಗೆ. ಅದರ ತುಂಬ ನಕ್ಷತ್ರಗಳಂತೆ ತೂತುಗಳು. ಪ್ರತಿ ತೂತಿನ ಹಿಂದೆ ಯಾರೋ ಉಸಿರು ಬಿಗಿಹಿಡಿದಿದ್ದಾರೆ. ಅವಳ ಕೈಯಲ್ಲಿ ಜಡೆಯಂತೆ ಹೆಣೆದ ತಂತಿಗಳು. ಯಾವುದನ್ನು ಎಲ್ಲಿ ಸಿಗಿಸಿದರೂ ಆಚೆಯಿಂದ ಒಂದೇ ದನಿ, ತುಂಬ ವಿನಯದಿಂದ, ಮೇಲಿನಂತೆ, ಮೇಲಿನಂತೆ ಎನ್ನುತ್ತದೆ. ಬೆಳಿಗ್ಗೆ ಎದ್ದು ದಿನಚರಿಯಲ್ಲಿ ಕನಸನ್ನು ಬರೆದಳು. ಅಜ್ಜಿ ಹೇಳಿದ್ದನ್ನು ಬರೆಯಲಿಲ್ಲ. ಅದು ಅವಳದಲ್ಲ.

ತಿದ್ದಲು ಪ್ರಯತ್ನಿಸಲಿಲ್ಲವೆಂದಲ್ಲ. ಅದೇ ವಾರ ಫೈಲಿನಲ್ಲಿ ತನ್ನ ಸಾಲಿನಲ್ಲಿ ಬರೆದಳು: 'ಈ ದಿನ ಸ್ಪಷ್ಟವಾಗಿ ಮಾತಾಡಿದರು. ವಾರ, ಜಾಗ, ಹೆಸರು ಎಲ್ಲ ಸರಿಯಾಗಿ ಹೇಳಿದರು.' ಮರುದಿನ ಅದರ ಕೆಳಗೆ ಬೇರೊಂದು ಕೈ ಬರೆದಿತ್ತು: 'ನಡುನಡುವೆ ಸ್ಪಷ್ಟ. ಉಳಿದಂತೆ ಮೇಲಿನಂತೆ.' ಅಜ್ಜಿ ಸರಿಯಿರುವುದೂ ಈಗ ಗೊಂದಲದ್ದೇ ಒಂದು ಲಕ್ಷಣವಾಯಿತು. ಬುಧವಾರಗಳಂದು ಬರುವ ಡಾಕ್ಟರು ಐದು ನಿಮಿಷ ಕೂತು, ಸಂಜೆ ಹೊತ್ತು ಯಾರ ಜೊತೆ ಮಾತಾಡ್ತೀರಮ್ಮ ಎಂದು ಕೇಳಿದ್ದರು. ಅಜ್ಜಿ, ಅದನ್ನ ಹೇಳೋ ಹಾಗಿಲ್ಲ ಸರ್, ಎಂದಿದ್ದರು. ಡಾಕ್ಟರೂ ಬರೆದರು: 'ಪ್ರಶ್ನೆಗೆ ಉತ್ತರಿಸುವುದಿಲ್ಲ. ಮೇಲಿನಂತೆ.'

ಅಜ್ಜಿ ಏಕೆ ಮಾತಾಡುತ್ತಾರೆ ಎಂದು ಹೇಳಿಬಿಟ್ಟರೆ ಎಲ್ಲ ಬಗೆಹರಿಯುತ್ತಿತ್ತು. ಅದನ್ನು ಹೇಳುವಂತಿಲ್ಲ. ಉಳಿದದ್ದು ಬುಡಕ್ಕೇ ಕೈಹಾಕುವುದು: ಮೊದಲ ದಿನದ ಫಾರಮನ್ನು ತೆಗೆದು, ಆ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡುವುದು. ಕಾರಣವೆಂದರೆ ತಾನು. ದೊಡ್ಡ ಸಿಸ್ಟರ ಮುಂದೆ, ಆಯಾ ಮುಂದೆ, ಮೂರು ಪಾಳಿಯವರ ಮುಂದೆ. ಅದನ್ನು ನೆನೆದರೆ ಸಾಕು, ಕೈಗೆತ್ತಿಕೊಂಡ ಫೈಲನ್ನು ಮತ್ತೆ ಇದ್ದಲ್ಲಿಗೇ ಇಡುತ್ತಿದ್ದಳು.

ದಿನಚರಿಗೆ ಒಪ್ಪಿಸಿದ ಆ ಮಂಗಳವಾರ ಡ್ಯೂಟಿಗೆ ಹೋದಾಗ ಆಯಾ ಬೆಡ್‌ಶೀಟು ಮಡಿಸುತ್ತ ಸುದ್ದಿ ಕೊಟ್ಟಳು.

"ಗೊತ್ತಾಯ್ತಾ ಪಿಸುಮಾತು? ಏಳನೇ ರೂಮನ್ನ ಕೆಳಗೆ ಇಳಿಸ್ತಾರಂತೆ. ಗುರುವಾರ ಹನ್ನೊಂದಕ್ಕೆ ಮೀಟಿಂಗು. ಮಗಳು ಬರ್ತಾಳೆ ಸಹಿ ಹಾಕೋಕೆ."

"ಯಾಕೆ?"

"ಏನಂದೆ?"

"ಯಾಕಂತೆ?"

"ಇನ್ನೇನು, ಗೊಂದಲ. ಭಾನುವಾರ ಮಗಳು ಸಂಜೆ ಬಂದಿದ್ಲು, ಬಾಗಿಲಲ್ಲಿ ನಿಂತು ಕೇಳಿಸ್ಕೊಂಡು ಅತ್ಕೊಂಡು ಹೋದ್ಲು ಪಾಪ. ಗೋಡೆ ಜೊತೆ ಮಾತಾಡೋ ಅಮ್ಮನ್ನ ಯಾವ ಮಗಳು ನೋಡ್ತಾಳೆ." ಆಯಾ ಬೆಡ್‌ಶೀಟಿನ ಮೂಲೆಯನ್ನು ಅವಳ ಕೈಗಿತ್ತಳು. "ಹಿಡ್ಕೋ. ನೀನೂ ನನ್ನ ಬಿಟ್ಟು ಗೋಡೆ ನೋಡ್ತಾ ನಿಲ್ಲಬೇಡ."

ಬುಧವಾರ ಅಜ್ಜಿಯ ಕೋಣೆಗೆ ಹೋದಾಗ ಅವರಿಗಾಗಲೇ ಗೊತ್ತಿತ್ತು.

"ನಿಮ್ಮ ಎರಡು ಗಂಟೆ ವಾರ್ತೆಯಲ್ಲಿ ಬಂತು," ಎಂದರು ಅಜ್ಜಿ. "ನಾನು ಒಂದು ದಿನವೂ ತಪ್ಪಿಸಲ್ಲ. ಒಂಬತ್ತನೇ ರೂಮಿನವರಿಗೆ ಮೂರು ದಿನದಿಂದ ಹೊಟ್ಟೆ ಕಟ್ಟಿದೆ, ಹನ್ನೆರಡರವರ ಸೊಸೆ ನೋಡೋಕೆ ಬಂದಿಲ್ಲ. ಬಾಗಿಲು ತೆಗೆದಿಟ್ಟು ಕಾರಿಡಾರಲ್ಲಿ ನಿಂತು ಓದ್ತೀರಿ. ನಮ್ಮ ಎಕ್ಸ್‌ಚೇಂಜಲ್ಲಿ ಹೀಗೆ ಮಾಡಿದ್ರೆ ಮನೆಗೆ ಕಳಿಸ್ತಿದ್ರು." ಆಮೇಲೆ ಕುರ್ಚಿಯ ಕಡೆ ನೋಡಿದರು. "ಏಳನೇ ರೂಮು ಗೊಂದಲ ಅನ್ನೋದೂ ದಿನಾ ಕೇಳ್ತೀನಿ. ಮೊದಮೊದಲು ನಗು ಬರ್ತಿತ್ತು. ಆಮೇಲೆ ಒಂದೊಂದು ದಿನ, ಇರಬಹುದಾ ಅಂತ ನಂಗೇ ಅನ್ನಿಸೋಕೆ ಶುರುವಾಯ್ತು. ಅಷ್ಟು ಜನ ಹೇಳ್ತಾರಲ್ಲ."

ಅವಳು ಮಂಚದ ತುದಿಯ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಕೆಳಗೆ ಹೋಗೋಕೆ ನಂಗೆ ಅಹಂಕಾರ ಏನಿಲ್ಲ," ಎಂದು ಅಜ್ಜಿ ಮುಂದುವರಿಸಿದರು. "ಆದ್ರೆ ಅಲ್ಲಿ ಒಂಟಿಯಾಗಿ ಬಿಡಲ್ಲ. ಐದು ಗಂಟೆಗೆ ನಾನೆಲ್ಲಿ ಕೂರಲಿ? ಇನ್ನೊಂದು, ಸುಮ್ಮನಿರಲಿ ಅಂತ ಗುಳಿಗೆ ಕೊಡ್ತಾರಂತೆ. ನಮ್ಮ ಅಕ್ಕಂಗೂ ಅದನ್ನೇ ಕೊಟ್ಟಿದ್ದು. ನುಂಗಿದ ಮೇಲೆ ಅವಳು ಸುಮ್ಮನಾಗಲಿಲ್ಲ, ನಾಲಿಗೆ ಸಡಿಲ ಆಯ್ತು. ನಂಗೆ ಹಾಗಾದ್ರೆ, ಮಗಳೇ, ಮಂಚದ ಪಕ್ಕ ಕೂರೋಳು ನನ್ನ ಮಗಳು. ಮೊದಲು ಕೇಳೋಳು ಅವಳೇ."

ಕಿಟಕಿಯಾಚೆಯ ತಂತಿಯ ಮೇಲೆ ಅವತ್ತು ಬಟ್ಟೆಯಿರಲಿಲ್ಲ. ಗಾಳಿ ಬರೀ ತಂತಿಯನ್ನೇ ಮುಟ್ಟಿ ಮುಟ್ಟಿ ನೋಡುತ್ತಿತ್ತು.

"ನೀವು ಸಂಜೆ ಮಾತಾಡೋದು ಯಾಕೆ ಅಂತ ನಾನು ಹೇಳಲಾ?" ಎಂದಳು ಅವಳು. "ಮಗಳ ವಿಷಯ ಬಿಟ್ಟು, ಬರೀ..."

"ಒಂದು ದಾರ ಎಳೆದ್ರೆ ಸ್ವೆಟರ್ ಪೂರ್ತಿ ಬರುತ್ತೆ. ಬೇಡ." ಅಜ್ಜಿ ಅವಳ ಕೈಯನ್ನು ಕಬ್ಬಿಣದಿಂದ ಬಿಡಿಸಿದರು. "ಯಾರೋ ಒಬ್ಬರು ಮೊದಲು ಬರೆದಿರ್ತಾರಲ್ಲ, ಅವರು ನನ್ನ ನೋಡಿಯೇ ಬರೆದಿರ್ತಾರೆ. ಏನು ಕಂಡಿತ್ತೋ. ಅವರನ್ನೊಂದು ಸಲ ಕೇಳಬೇಕು ಅಂತ ಆಸೆ."

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಕೋಣೆಯಲ್ಲಿ ಇದ್ದದ್ದು ಇಬ್ಬರೇ. ಅಜ್ಜಿಯ ಬೆರಳುಗಳು ಅವಳ ಬೆರಳುಗಳ ಮೇಲೆ ಬೆಚ್ಚಗಿದ್ದವು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಐದು ಹೊಡೆಯಿತು. ಅಜ್ಜಿ ಕಣ್ಣು ಮುಚ್ಚಿದರು, ಕೈ ಕಿವಿಗೆ ಹೋಯಿತು. ಅವಳು ಮತ್ತೊಮ್ಮೆ, ನಾಲ್ಕು ತಿಂಗಳ ಹಿಂದಿನಂತೆಯೇ ಹಿಂದೆ ಸರಿದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗೆ ಬಂದಳು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಮುಖಕ್ಕೆ ಬೈದಳು. ಮನಸ್ಸಿನಲ್ಲೇ.

ಗುರುವಾರ ಹನ್ನೊಂದು ಗಂಟೆ. ಕೆಳಗಿನ ಆಫೀಸು ಕೋಣೆ. ಒಂದು ಉದ್ದ ಮೇಜು, ಐದು ಕುರ್ಚಿ, ಗೋಡೆಯ ಮೇಲೆ ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕೆಂದು ತೋರಿಸುವ ನಕ್ಷೆ. ಮೇಲಿನಂತಲ್ಲದೆ ಇಲ್ಲಿ ಬೆಳಕು ಗಟ್ಟಿ, ಪ್ರತಿಯೊಂದಕ್ಕೂ ಅಂಚಿತ್ತು. ಡಾಕ್ಟರು ಒಂದು ಕಡೆ, ದೊಡ್ಡ ಸಿಸ್ಟರು ಇನ್ನೊಂದು ಕಡೆ. ನಡುವೆ ಮಗಳು, ಐವತ್ತರ ಆಸುಪಾಸು, ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಬೆರಳ ತುದಿಗೆ ಇನ್ನೂ ಸೀಮೆಸುಣ್ಣ ಅಂಟಿತ್ತು. ಫೈಲು ಎತ್ತಿಕೊಡಲೆಂದು ದೊಡ್ಡ ಸಿಸ್ಟರು ಅವಳನ್ನು ಬೇಗ ಬರಲು ಹೇಳಿದ್ದರು. ಅವಳು ಗೋಡೆಗೆ ಒತ್ತಿ ನಿಂತಿದ್ದಳು.

"ಅಮ್ಮನ್ನೂ ಕರೆಸಬೇಕಿತ್ತಲ್ವಾ?" ಎಂದರು ಮಗಳು.

"ಇಂಥ ಮಾತು ಅವರ ಮುಂದೆ ಬೇಡಮ್ಮ, ಮನಸ್ಸಿಗೆ ಹಚ್ಕೋತಾರೆ," ಎಂದರು ದೊಡ್ಡ ಸಿಸ್ಟರು. ಮಾತಿನಲ್ಲಿ ಕರುಣೆಯೇ ಇತ್ತು.

ಡಾಕ್ಟರು ಫೈಲು ತಿರುವಿದರು. ಹಾಳೆಯ ಮೇಲೆ ಹಾಳೆ. ಮಗಳು ಬಗ್ಗಿ ನೋಡಿದರು.

"ಇದೇನು, ಎಲ್ಲಾ ಕಡೆ ಒಂದೇ ಪದ?"

"ಬದಲಾವಣೆ ಇಲ್ಲ ಅಂತ ಅರ್ಥ," ಎಂದರು ಡಾಕ್ಟರು. "ಬಂದ ದಿನದಿಂದ ಹೀಗೇ ಇದ್ದಾರೆ. ದಿನಕ್ಕೆ ಮೂರು ಸಲ ನೋಡಿದ್ದಾರೆ ನಮ್ಮೋರು."

ಮಗಳ ತುಟಿ ಸ್ವಲ್ಪ ಅಲ್ಲಾಡಿತು. "ಅಂದ್ರೆ ಮುನ್ನೂರ ಅರವತ್ತು ಸಲ," ಎಂದರು ಮೆಲ್ಲಗೆ. ಅಷ್ಟು ದೊಡ್ಡ ಸಂಖ್ಯೆಯ ಎದುರು ಅವರ ಭುಜ ಇಳಿದುಹೋಯಿತು. "ಮನೇಲಿದ್ದಾಗ ಪದಬಂಧ ಬಿಡಿಸ್ತಿದ್ರು. ನನ್ನ ಮಕ್ಕಳ ಪರೀಕ್ಷೆ ದಿನ ನಂಗಿಂತ ಅವರಿಗೇ ಚೆನ್ನಾಗಿ ಗೊತ್ತಿರ್ತಿತ್ತು. ಇಷ್ಟು ಬೇಗ ಹೀಗಾಗುತ್ತಾ? ಆದ್ರೆ ಭಾನುವಾರ ನಾನೇ ಕೇಳಿಸ್ಕೊಂಡೆ. ಯಾರೋ ಎದುರಿಗಿದ್ದ ಹಾಗೆ 'ಸರ್', 'ಅಮ್ಮ' ಅಂತಿದ್ರು, ಉಳಿದದ್ದು ತಿಳೀಲಿಲ್ಲ." ಕಣ್ಣೊರೆಸಿಕೊಂಡು ಗೋಡೆಯ ಕಡೆ ತಿರುಗಿದರು. "ನೀವಲ್ವಾ ಸಂಜೆ ಹೊತ್ತು ಅಮ್ಮನ ಹತ್ರ ಇರೋದು? ಏನು ಮಾತಾಡ್ತಾರೆ ಅವರು? ಒಂದು ಮಾತಾದ್ರೂ ಹೇಳಿ. ಅಪ್ಪನ ಹತ್ರ ಮಾತಾಡ್ತಾರಾ?"

ಕೋಣೆಯಲ್ಲಿ ಎಲ್ಲರೂ ಅವಳನ್ನು ನೋಡಿದರು. ಅವಳ ಬಾಯಲ್ಲಿ ಆ ಇಡೀ ಸಂಜೆ ಕೂತಿತ್ತು, ದರ್ಪದ ದನಿ, ಸಕ್ಕರೆಯ ದನಿ, ಅಜ್ಜಿಯ ನಗು. ಹೌದು, ಅಪ್ಪನ ಹತ್ರ, ಎಂದು ಸುಳ್ಳು ಹೇಳಿದರೂ ಈ ಮಗಳ ಕಣ್ಣಿಗೆ ಎಷ್ಟೋ ತಂಪು. ಅವಳು ತಲೆಯಾಡಿಸಿದಳು. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ.

"ಅವಳನ್ನ ಕೇಳಿ ಪ್ರಯೋಜನ ಇಲ್ಲ ಬಿಡಿ," ಎಂದರು ದೊಡ್ಡ ಸಿಸ್ಟರು. "ಅವಳು ಮಾತಾಡೋ ಹೊತ್ತಿಗೆ ನಾವೂ ಈ ಮನೆಗೇ ಸೇರಿರ್ತೀವಿ."

ಡಾಕ್ಟರು ಸಣ್ಣಗೆ ನಕ್ಕರು. ಮಗಳು ನಗಲಿಲ್ಲ. ದೊಡ್ಡ ಸಿಸ್ಟರು ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿ, ಸಹಿ ಮಾಡಬೇಕಾದ ಜಾಗದಲ್ಲಿ ಉಗುರಿನಿಂದ ಒಂದು ಗೆರೆ ಎಳೆದರು. ಮಗಳು ಕೈಚೀಲದಲ್ಲಿ ಪೆನ್ನು ಹುಡುಕಿದರು. ಸಿಗಲಿಲ್ಲ. ಡಾಕ್ಟರು ತಮ್ಮದನ್ನೇ ಮುಂದೆ ಹಿಡಿದರು.

ಆ ಕ್ಷಣ ಅವಳಿಗೆ ಕೋಣೆ ದೂರವಾಯಿತು. ಆಳದ ನೀರಿನ ತಳದಿಂದ ನೋಡಿದಂತೆ ಕಂಡಿತು: ಪೆನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವುದು, ಸೀಮೆಸುಣ್ಣದ ಬೆರಳು ಅದನ್ನು ಹಿಡಿಯುವುದು. ಮೇಲೆ ಏಳನೇ ಕೋಣೆಯಲ್ಲಿ ಒಬ್ಬರು ಎಲ್ಲರ ಮಾತನ್ನೂ ಹೊಟ್ಟೆಯಲ್ಲಿ ಹೊತ್ತು, ತಾವೇ ತಮ್ಮ ಬೀಗವನ್ನು ಎಳೆದು ನೋಡುತ್ತ ಕೂತಿದ್ದಾರೆ. ಅವರ ಮಾತನ್ನು ಆಡುವ ಹಕ್ಕು ತನಗಿಲ್ಲ. ಅದು ಸರಿ. ಆದರೆ ತನ್ನದೇ ಆದ ಮಾತೊಂದಿದೆಯಲ್ಲ? ಅದಕ್ಕೆ ಯಾವ ಬೀಗವೂ ಇಲ್ಲ, ಯಾರ ಆಣೆಯೂ ಇಲ್ಲ. ಅದನ್ನು ಮುಚ್ಚಿಟ್ಟದ್ದು ಬರೀ ನಾಚಿಕೆ.

ಅವಳು ಗೋಡೆ ಬಿಟ್ಟು ಮೇಜಿನ ಬಳಿ ಬಂದಳು. ಫೈಲನ್ನು ತನ್ನ ಕಡೆ ಎಳೆದುಕೊಂಡು, ಹಾಳೆಗಳನ್ನು ಹಿಂದಕ್ಕೆ ಹಿಂದಕ್ಕೆ ತಿರುವಿ, ಎಲ್ಲಕ್ಕಿಂತ ಮೊದಲಿನ ಫಾರಮನ್ನು ತೆರೆದು, ತನ್ನದೇ ಕೈಬರಹದ ಮೇಲೆ ಬೆರಳಿಟ್ಟಳು. ಏನೋ ಹೇಳಿದಳು.

"ಏನಂದೆ?" ಎಂದರು ದೊಡ್ಡ ಸಿಸ್ಟರು. "ಕೇಳಿಸ್ಲಿಲ್ಲ."

ಅವಳು ಉಸಿರು ತೆಗೆದುಕೊಂಡಳು. ಈ ಸಲ ದನಿ ಎಷ್ಟು ಜೋರಾಗಿ ಬಂತೆಂದರೆ ಬಾಗಿಲಾಚೆ ನೆಲ ಒರೆಸುತ್ತಿದ್ದ ಆಯಾ ಕೈ ನಿಲ್ಲಿಸಿದಳು.

"ಈ ನಾಲ್ಕು ಪ್ರಶ್ನೆ ನಾನು ಅಮ್ಮಂಗೆ ಕೇಳೇ ಇಲ್ಲ. ಬಾಗಿಲಲ್ಲಿ ನಿಂತು, ಒಳಗೆ ಹೋಗೋಕೆ ನಾಚಿಕೆಯಾಗಿ, ಉತ್ತರ ಎಲ್ಲ ನಾನೇ ಬರೆದೆ."